ಗೋಡೆ ನಗುವುದಿಲ್ಲ

ತಾಳಿಕೋಟೆ
ರವಿವಾರ, ೧೨ ಜನವರಿ ೨೦೨೫

ಪ್ರೀತಿಯ ದಿಲಾವರಣ್ಣಾ,

ಹೇಗಿದ್ದೀಯ? ಗ್ಯಾರೇಜಿನಲ್ಲಿ ಬಗ್ಗಿ ಬಗ್ಗಿ ಹಿಡಿದಿದ್ದ ನಡುನೋವು ಈಗ ಕಡಿಮೆಯಾಯಿತೇ? ಮಸ್ಕತ್ತಿನಲ್ಲೂ ಚಳಿ ಬಿದ್ದಿದೆಯೇ? ಇಲ್ಲಿ ಎಲ್ಲರೂ ಆರಾಮ. ಅವ್ವನ ಮೊಣಕಾಲು ಮಾತ್ರ ಬೆಳಿಗ್ಗೆ ತಕರಾರು ಮಾಡುತ್ತದೆ. ಆದರೂ ರೊಟ್ಟಿ ಬಡಿಯುವುದನ್ನು ಆಕೆ ವೈನಿಗೂ ಬಿಟ್ಟುಕೊಟ್ಟಿಲ್ಲ, ನನಗೂ ಬಿಟ್ಟುಕೊಟ್ಟಿಲ್ಲ.

ಇದರ ಜೊತೆ ಹೊಸ ಫೋಟೋಗಳನ್ನು ಇಟ್ಟಿದ್ದೇನೆ. "ಫೋನಿನ್ಯಾಗಿನ ಫೋಟೋ ಫೋನಿನ್ಯಾಗ ಸಾಯ್ತಾವ ಹುಮಾ, ಕೈಯಾಗ ಹಿಡಿಯುವಂಥಾವು ಕಳಸು" ಎಂದು ಅಪ್ಪನ ಹಳೆಯ ರೇಂಜ್‌ಫೈಂಡರ್ ರೋಲು ಕ್ಯಾಮರಾವನ್ನು ನನ್ನ ಕೈಗಿತ್ತು ಹೋದೆಯಲ್ಲ, ಅಂದಿನಿಂದ ಈ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅವ್ವ ಶೇಂಗಾ ಸುಲಿಯುತ್ತ ತೂಕಡಿಸಿದರೂ ಫೋಟೋ, ನಿನ್ನ ಮಗಳು ಶಬಾನಾ ಬಕೆಟ್ಟಿನೊಳಗೆ ಕುಳಿತು ನೀರೆರಚಿದರೂ ಫೋಟೋ. ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ ನಾನು ರೋಲು ತೊಳೆಯುವಾಗ ವೈನಿ ಹೊರಗೆ ಟವೆಲ್ ಹಿಡಿದು ಬೈಯುತ್ತ ನಿಂತಿರುತ್ತಾಳೆ. ಮೊನ್ನೆ ವಿಡಿಯೋ ಕಾಲಿನಲ್ಲಿ ನಿನ್ನನ್ನು ಕಂಡು ಶಬಾನಾ ಅಡಗಿದ್ದು ನಿನಗೆ ಬೇಜಾರಾಗಿರಬೇಕು. ಆಮೇಲೆ ಗೋಡೆಯ ಮೇಲಿನ ನಿನ್ನ ಕಪ್ಪು-ಬಿಳುಪು ಫೋಟೋ ತೋರಿಸಿ, "ನಮ್ಮ ಅಪ್ಪ ಇಲ್ಲಿ ಅದಾನ. ಅಂವಾ ಯಾರೋ ಕೆಂಪಂಗಿಯವಾ" ಎಂದಳು. ವೈನಿ ನಕ್ಕಳು. ಆಮೇಲೆ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತ ಕುಳಿತಳು.

ಹೋದ ತಿಂಗಳು ಕ್ಯಾಮರಾ ಕೈಕೊಟ್ಟಿತು. ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳು ಲೆನ್ಸನ್ನು ಎಷ್ಟು ತಿರುಗಿಸಿದರೂ ಒಂದಾಗಲೊಲ್ಲವು. ತೆಗೆದ ಮುಖಗಳೆಲ್ಲ ಮಸುಕು. ನನ್ನ ಶಾಲೆಯ ಮಕ್ಕಳಿಗೆ ರಜೆಯಿದ್ದ ದಿನ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಒಯ್ದೆ. ಅಪ್ಪನ ಗೆಳೆಯ ಜೈನುದ್ದೀನ ಚಾಚಾ ಇದ್ದಾರಲ್ಲ, ಅವರ ಗಡಿಯಾರ ರಿಪೇರಿ ಅಂಗಡಿಯನ್ನು ಈಗ ಮಗ ಅಫ್ತಾಬ ನೋಡಿಕೊಳ್ಳುತ್ತಾರೆ. ಅವರು ಒಳಗಿನ ಸಣ್ಣ ಸ್ಕ್ರೂ ಒಂದನ್ನು ತಿರುವಿ, ಒಂದು ಫೋಟೋ ತೆಗೆದೇ ನೋಡಬೇಕೆಂದರು.

"ಆ ಬೇವಿನ ಗಿಡದ ಕೆಳಗ ನಿಂದರ್ರಿ."

"ನಂದ್ಯಾಕ್ರಿ? ಗ್ವಾಡಿದು ತೆಗೀರಿ" ಎಂದೆ.

"ಗ್ವಾಡಿ ನಗೂದಿಲ್ರಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲೇ ಒತ್ತಿಬಿಟ್ಟಿದ್ದರು.

ಆ ಫೋಟೋ ಹಗ್ಗದ ಮೇಲೆ ಒಣಗುತ್ತಿದ್ದಾಗ ಅವ್ವ ಕನ್ನಡಕ ಏರಿಸಿಕೊಂಡು "ಈಕಿ ಯಾರ?" ಎಂದು ಕೇಳಿದಳು. ಗುರುತು ಹತ್ತಿದ ಮೇಲೆ ಫೋಟೋಗಳ ಡಬ್ಬಿಯನ್ನೆಲ್ಲ ಮಡಿಲಲ್ಲಿ ಸುರಿದುಕೊಂಡು ಹುಡುಕಿದಳು. ಅಪ್ಪ ತೀರಿಕೊಂಡ ಮೇಲಿನದು ನನ್ನದೊಂದೂ ಇರಲಿಲ್ಲ. "ಎಲ್ಲಾರ್ನೂ ಕೂಡಿಸಿ ಇಟ್ಟಿ, ನೀ ಎಲ್ಲಿ ಹ್ವಾದೆವ್ವಾ? ನಾನರೆ ನೋಡಬಾರದಾ?" ಎಂದು ನನ್ನ ಗಲ್ಲ ಹಿಡಿದು ಅತ್ತಳು. ಸಂಬಂಧದ ಮಾತು ಬಂದಾಗಲೆಲ್ಲ ನಾನು ಎದ್ದು ಹೋಗುತ್ತಿದ್ದುದು ನಿನಗೆ ಗೊತ್ತೇ ಇದೆ. ಅಂದು ಅವ್ವ ಅದೇ ಮಾತು ತೆಗೆದಳು, ನಾನು ಏಳಲಿಲ್ಲ. ಮರುವಾರ ಆ ಫೋಟೋದ ಒಂದು ಪ್ರತಿಯನ್ನು ಮುದ್ದೇಬಿಹಾಳಕ್ಕೆ ಹೋಗಿ ಕೊಟ್ಟುಬಂದೆ. ತೆಗೆದವರಿಗೆ ತೋರಿಸುವುದು ಮರ್ಯಾದೆಯಲ್ಲವೇ? ಆ ಮಾತು ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತುವಾಗ ನಡು ಜೋಪಾನ. ವೈನಿಯ ಸಲಾಂ, ಶಬಾನಾಳ ಮುತ್ತು, ಅವ್ವನ ದುವಾ ಎಲ್ಲವೂ ಈ ಲಕೋಟೆಯಲ್ಲಿವೆ.

ನಿನ್ನ ತಂಗಿ
ಹುಮಾ

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಾನೇ ನಿನಗೆ ಮೊದಲು ತಿಳಿಸುತ್ತೇನೆಂದು ಅವ್ವನ ಬಾಯಿ ಕಟ್ಟಿದ್ದೇನೆ. ಶುಕ್ರವಾರ ನಮಾಜಿನ ನಂತರ ಜೈನುದ್ದೀನ ಚಾಚಾ ಬಂದು, ಅಫ್ತಾಬರಿಗೆ ನನ್ನನ್ನು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ದಿನ ಗೊತ್ತುಮಾಡಲು ಎಲ್ಲರೂ ನಿನ್ನ ರಜೆಗಾಗಿ ಕಾಯುತ್ತಿದ್ದಾರೆ. ಬೇಗ ಬಾ ಅಣ್ಣಾ. ನೀನು ಎದುರಿಗೆ ಕೂರದೆ ನಾನು ನಿಕಾಹಕ್ಕೆ ಕಬೂಲ್ ಎನ್ನುವವಳಲ್ಲ.