ಅಜ್ಜಿ ಹೇಳಿದ್ದು, ನಾನು ಹೇಳಿದ್ದು

ಲೂಯಿಸ್ಟನ್, ಮೇನ್
ನವೆಂಬರ್ 9, 2024, ಶನಿವಾರ ಬೆಳಿಗ್ಗೆ

ಮುದ್ದಿನ ಲಿಸೆಟ್,

ಅಮ್ಮನ ಪ್ರೀತಿ ಮೊದಲು. ಜಗಳ ಆಮೇಲೆ.

ನಿನ್ನ ಕಾಗದ ಚುನಾವಣೆಯ ದಿನವೇ ಬಂತು. ಲಕೋಟೆಯ ಮೇಲೆ ನನ್ನೊಬ್ಬಳ ಹೆಸರಿದ್ದುದನ್ನು ನೋಡಿಯೇ ಒಳಗೇನಿರಬಹುದೆಂದು ತಿಳಿಯಿತು. ಕೆಲಸಕ್ಕೆ ಬಂದ ಬಡ ಹೆಂಗಸಿನ ಮೇಲೆ ದೂರು ಬರೆದು ಅವಳನ್ನು ಓಡಿಸಿದ ಮನುಷ್ಯನ ಜೊತೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂರುವುದಿಲ್ಲ ಎಂದು ಬರೆದಿದ್ದೀಯ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಅರ್ಧ ಓದಿ ಮಡಚಿಡಬೇಡ. ಆ ಚಾಳಿ ನಿನಗೆ ಅಪ್ಪನಿಂದ ಬಂದಿದೆ.

ಆ ದೂರು ಬರೆದದ್ದು ನಿನ್ನಪ್ಪ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿನಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ನೀವಿಬ್ಬರೂ ಕಿತ್ತಾಡಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಟಿವಿಯಲ್ಲಿ ಅಭ್ಯರ್ಥಿಗಳ ಚರ್ಚೆ ಮುಗಿದಿರಲಿಲ್ಲ, ನಿಮ್ಮದು ಶುರುವಾಗಿತ್ತು. "ಬರೋರು ಬರ್ಲಿ, ಬಾಗಿಲು ಬಡಿದು ಬರ್ಲಿ. ಕಿಟಕಿ ಹಾರಿ ಬರೋರನ್ನ ನೆಂಟರು ಅಂತ ಕರೆಯೋಕಾಗಲ್ಲ" ಎಂದು ಅವನು ಕೂಗಿದ. ನೀನು, "ನಿಮ್ಮಪ್ಪ ಅಮ್ಮನೂ ಕೆನಡಾದಿಂದ ಬಂದು ಮಿಲ್ಲಲ್ಲಿ ನೂಲು ತೆಗೆದೋರೇ ಅಲ್ವಾ?" ಎಂದೆ. "ಅವರು ಇಂಗ್ಲಿಷ್ ಕಲಿತರು, ಕೈಚಾಚಲಿಲ್ಲ. ನಾನು ಇಲ್ಲೇ ಹುಟ್ಟಿದೋನು, ಹೋಗು!" ಎಂದು ಫೋನ್ ಕುಕ್ಕಿದ. ನಾನು ಪಾತ್ರೆ ಒರೆಸುತ್ತಾ ನಿಂತಿದ್ದೆ. ಅವನ ಕೊನೆಯ ಮಾತು ಕೇಳಿ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ವಸಂತದಲ್ಲಿ ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಇಂಗ್ಲಿಷ್ ಪೂರ್ತಿ ಹೊರಟುಹೋಯಿತು, ಉಳಿದದ್ದು ಹುಟ್ಟೂರಿನ ಫ್ರೆಂಚ್ ಮಾತ್ರ. ವೃದ್ಧಾಶ್ರಮದಲ್ಲಿ ಅದು ಬಲ್ಲವರು ಯಾರೂ ಇರಲಿಲ್ಲ. ಮನೆಯಲ್ಲಿ ಬರುವುದು ನನಗೊಬ್ಬಳಿಗೇ, ಹೊಟ್ಟೆಯ ಮಗಳಾದರೂ ಜನೀನ್ ಅತ್ತೆಗೆ ಬಾರದು. ನಿನ್ನಪ್ಪನಂತೂ ಆರನೇ ವಯಸ್ಸಿಗೇ ಬಿಟ್ಟವನು. ಶಾಲೆಯಲ್ಲಿ ಫ್ರೆಂಚ್ ಆಡಿದ್ದಕ್ಕೆ ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು, ಹುಡುಗರು ಫ್ರೆಂಚರನ್ನು ಹಂಗಿಸುವಂತೆ 'ಕಪ್ಪೆ' ಎಂದು ಕರೆದು ವಟಗುಟ್ಟಿದ್ದರು. ಆವತ್ತು ಮನೆಗೆ ಬಂದವನು ತಾಯಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟನಂತೆ. ಇವತ್ತಿಗೂ ಅಷ್ಟೇ.

ಜೂನ್‌ನಲ್ಲಿ ಜೋಸಿಯಾನ್ ಆ ವೃದ್ಧಾಶ್ರಮಕ್ಕೆ ಆಯಾ ಕೆಲಸಕ್ಕೆ ಬಂದಳು. ಕಾಂಗೋದವಳು, ಮೂವತ್ತೈದರ ಆಸುಪಾಸು. ಆಶ್ರಯ ಕೇಳಿ ಹಾಕಿದ ಅರ್ಜಿ ಇನ್ನೂ ಕೋರ್ಟಿನಲ್ಲಿದೆ, ಸದ್ಯಕ್ಕೆ ಕೆಲಸ ಮಾಡಲು ಮಾತ್ರ ಅನುಮತಿ. ಅವಳದು ಪುಸ್ತಕದಷ್ಟು ಶುದ್ಧ ಫ್ರೆಂಚ್, ಅಜ್ಜಿಯದು ಹೊಲಗದ್ದೆಯದು. ಮೊದಲ ದಿನ ಇಬ್ಬರೂ ಒಬ್ಬರ ಮಾತಿಗೊಬ್ಬರು ನಕ್ಕರು. ಗೋಡೆಗೆ ಮುಖ ಮಾಡಿ ಮಲಗಿದ್ದ ಅಜ್ಜಿ ಒಂದು ವಾರದಲ್ಲಿ ಎದ್ದು ಕೂತು ಸೂಪು ಕುಡಿಯತೊಡಗಿದರು. ಇಬ್ಬರೂ ಜಪಮಾಲೆ ಹಿಡಿದು ಒಟ್ಟಿಗೆ ಪ್ರಾರ್ಥಿಸುತ್ತಿದ್ದರು.

ನಿನ್ನಪ್ಪ ದಿನಾ ಹೋಗಿ ಮೂಲೆಯ ಕುರ್ಚಿಯಲ್ಲಿ ಸುಂಕದ ಕಟ್ಟೆಯ ಅಧಿಕಾರಿಯಂತೆ ಕೂರುತ್ತಿದ್ದ. ತಾಯಿ ನಕ್ಕರೆ, "ಏನಂದ್ಲು? ಯಾಕೆ ನಗ್ತಾಳೆ?" ಎಂದು ನನ್ನನ್ನು ಕೇಳುತ್ತಿದ್ದ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು. ಮನೆಗೆ ಬರುವ ದಾರಿಯಲ್ಲಿ ಪಿಕಪ್ಪಿನಲ್ಲಿ ಅದೇ ರಾಮಾಯಣ: "ಫರ್ನಾಂದ್, ಅವಳು ಅಮ್ಮನ ಹತ್ರ ಏನೋ ಬಾಯಿ ಬಿಡಿಸ್ತಿದಾಳೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳೋದನ್ನ ನಾನೇ ನೋಡ್ದೆ. ಯಾತಕ್ಕೆ ಅದು?"

"ಮುದುಕಿಯ ಹಾಡು ಹಿಡ್ಕೊಳ್ತಿರಬೇಕು ಬಿಡು. ಕರಿಯರನ್ನ ಕಂಡರೆ ಸಾಕು, ನಿನಗೆ ಅನುಮಾನ" ಎಂದು ನಾನೇ ಅವನ ಬಾಯಿ ಮುಚ್ಚಿಸುತ್ತಿದ್ದೆ. ಅಂಗಳದಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಫಲಕ ನೆಟ್ಟವಳು ನಾನು, ಅದರ ಪಕ್ಕದಲ್ಲೇ ತನ್ನ ಅಭ್ಯರ್ಥಿಯ ಫಲಕ ನೆಟ್ಟವನು ಅವನು. ಅಂಚೆಯವನು ದಿನಾ ನಗುತ್ತಿದ್ದ.

ಆದರೆ ರೆಕಾರ್ಡ್ ಎಂದದ್ದು ಕೇಳಿ ನನಗೂ ಹೆದರಿಕೆಯಾಗಿತ್ತು.

ಈಗ ಕೂತುಕೊಂಡು ಓದು. ನೀನು ನನ್ನ ಹೊಟ್ಟೆಯಲ್ಲಿದ್ದಾಗ ಅಜ್ಜಿ ಒಂದು ದಿನ ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದು, ಏಸುವಿನ ಮೂರ್ತಿಯ ಮೇಲೆ ಕೈಯಿಡಿಸಿ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿ ಒಂದು ಮಾತು ಹೇಳಿದರು. ನಿನ್ನಪ್ಪ ಈ ದೇಶದಲ್ಲಿ ಹುಟ್ಟಿದವನಲ್ಲ. ಹುಟ್ಟಿದ್ದು ಕ್ವಿಬೆಕ್‌ನ ಒಂದು ಹಳ್ಳಿಯಲ್ಲಿ. ಐವತ್ತಾರನೇ ಇಸವಿಯಲ್ಲಿ ಏಳು ವಾರದ ಕೂಸನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಕಾಗದಪತ್ರ ಏನೂ ಇಲ್ಲದೆ, ಮರ ಸಾಗಿಸುವ ಕಾಡುದಾರಿಯಲ್ಲಿ ಗಡಿ ದಾಟಿ ಬಂದರಂತೆ. ತಾತನ ಅಣ್ಣನನ್ನು ಗಡಿಯಲ್ಲಿ ಹಿಂದಕ್ಕೆ ಕಳಿಸಿದ್ದರಂತೆ. ಮಗನಿಗಾದರೂ ಆ ಗತಿ ಬೇಡವೆಂದು ತಾತ ಇಲ್ಲಿನ ಚರ್ಚಿನಲ್ಲಿ, ಕೂಸು ಹುಟ್ಟಿದ್ದು ಇಲ್ಲೇ ಎಂದು ಬರೆಸಿ ಜ್ಞಾನಸ್ನಾನ ಮಾಡಿಸಿದರು. ಅದರ ಆಧಾರದ ಮೇಲೆ ಜನನ ಪತ್ರ ಸಿಕ್ಕಿತು. ಮುಂದೆ ತಾತ ಅಜ್ಜಿಗೆ ಸರಿಯಾದ ಕಾಗದ ಆಯಿತು. ಮಗನದನ್ನು ಸರಿಪಡಿಸಲು ಹೋದರೆ ಸುಳ್ಳು ಹೊರಬೀಳುತ್ತದೆಂದು ಹಾಗೇ ಬಿಟ್ಟರು. ನಿನ್ನಪ್ಪನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹನ್ನೆರಡು ಸಲ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದ. ಈ ಸಲ ಅದೂ ಸಾಲದೆಂದು, ಪೌರತ್ವ ಇಲ್ಲದವರು ಮತ ಹಾಕದಂತೆ ಕಾಯಲು ಮತಗಟ್ಟೆಯ ವೀಕ್ಷಕನಾಗಿ ಹೆಸರು ಕೊಟ್ಟ!

ನಲವತ್ತೆರಡು ವರ್ಷ ನಾನು ಬಾಯಿ ಬಿಡಲಿಲ್ಲ. ಈಗ ಅಜ್ಜಿ ತಾವೇ ಬಿಡತೊಡಗಿದ್ದರು. "ಎಷ್ಟು ಪುಟ್ಟಗಿದ್ದ, ಕೋಟಿನೊಳಗೆ ಉಸಿರು ಕಟ್ಟುತ್ತೇನೋ ಅಂತ ಹೆದರಿದ್ದೆ" ಎಂದು ಅವನ ಎದುರಿಗೇ ಹೇಳಿದರು. "ಏನಂದ್ಲು?" ಎಂದ ಅವನು. "ಚಳಿಯಂತೆ, ಕೋಟು ಬೇಕಂತೆ" ಎಂದೆ. ಪಾಪ, ಎದ್ದು ಹೋಗಿ ಕಂಬಳಿ ತಂದು ಹೊದಿಸಿದ. ಜೋಸಿಯಾನ್ ನನ್ನನ್ನೇ ನೋಡಿದಳು. ಅವಳಿಗೆ ಎರಡು ಭಾಷೆಯೂ ಬರುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ನಾನೊಬ್ಬಳೇ ಹೋಗಿದ್ದೆ. ಬಾಗಿಲಲ್ಲೇ ಸಿಕ್ಕಿದ ಜೋಸಿಯಾನ್ ನಗುತ್ತಾ, "ಅಮ್ಮಾ, ನಿಮ್ಮ ಯಜಮಾನ್ರೂ ನಮ್ಮ ಹಾಗೇನೇ ಬಂದೋರಂತೆ! ಮತ್ತೆ ನನ್ನ ಕಂಡ್ರೆ ಯಾಕೆ ಹಾಗೆ ಮುಖ ಗಂಟಿಕ್ತಾರೆ?" ಎಂದಳು. ತಮಾಷೆಗೇ ಅಂದದ್ದು. ಆದರೆ ನನಗೆ ಬೇರೆಯೇ ಲೆಕ್ಕ ಶುರುವಾಯಿತು. ಈ ಮಾತು ಇವಳು ಇನ್ನು ಯಾರ ಹತ್ತಿರ ಆಡಿದ್ದಾಳೆ? ಆ ಫೋನಿನಲ್ಲಿ ಏನಿದೆ? ಅವಳ ಅರ್ಜಿಯೇ ತೂಗಾಡುತ್ತಿದೆ, ನಾಳೆ ಯಾರಾದರೂ ಹೆದರಿಸಿದರೆ ಯಾರ ಹೆಸರು ಹೇಳಿ ಬಚಾವಾಗುತ್ತಾಳೆ? ಮನೆಗೆ ಬಂದರೂ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಟೋಬರ್ ಮೊದಲ ವಾರ ಅವಳನ್ನು ಅಜ್ಜಿಯ ಮಹಡಿಯಿಂದ ತೆಗೆದು ಕೆಳಗೆ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ರೋಗಿಯ ಜೊತೆ ಮನೆಯವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಾಳೆ, ಕೇಳದೆ ರೆಕಾರ್ಡ್ ಮಾಡುತ್ತಾಳೆ ಎಂದು ಕುಟುಂಬದಿಂದ ಲಿಖಿತ ದೂರು ಬಂದಿದೆಯಂತೆ. ಎಲ್ಲರೂ ನಿನ್ನಪ್ಪನ ಕಡೆ ನೋಡಿದರು. ಅವನು, "ನಾನು ಬೈದಿದ್ರೆ ಮುಖದ ಮೇಲೆ ಬೈದಿರ್ತೀನಿ, ಚೀಟಿ ಬರೆಯೋ ಜಾತಿ ಅಲ್ಲ ನಂದು" ಎಂದ. ಯಾರೂ ನಂಬಲಿಲ್ಲ. ಯಾರು ಬರೆದರೋ, ನಾನೇನು ಹೇಳಲಿ. ಜನೀನ್ ಅತ್ತೆ ಆ ವಾರವೆಲ್ಲ ಆಫೀಸಿನ ಸುತ್ತ ಓಡಾಡುತ್ತಿದ್ದಳು. ನಿನಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ನೀನೇ ಯೋಚನೆ ಮಾಡು.

ಅಜ್ಜಿ ಮತ್ತೆ ಗೋಡೆಗೆ ತಿರುಗಿದರು. ನಾನು ಫ್ರೆಂಚಿನಲ್ಲಿ ಎಷ್ಟು ಕರೆದರೂ, "ನೀನಲ್ಲ, ಆ ಹುಡುಗಿ" ಎನ್ನುತ್ತಿದ್ದರು. ಚಮಚ ತಂದರೆ ತುಟಿ ಬಿಗಿಯುತ್ತಿದ್ದರು. ನಿನ್ನಪ್ಪ ಮೂರು ನಾಲ್ಕು ವಾರ ನೋಡಿದ. ಚುನಾವಣೆಗೆ ಮೂರು ದಿನವಿದ್ದಾಗ, ಶನಿವಾರ ಮಧ್ಯಾಹ್ನ, ಟೋಪಿ ಹಾಕಿಕೊಂಡು, "ನಡಿ, ಅವಳ ಮನೆಗೆ ಹೋಗೋಣ. ನನಗೆ ನಯವಾಗಿ ಮಾತಾಡೋಕೆ ಬರಲ್ಲ, ನೀನಿರು" ಎಂದ. ನಾನು ತಲೆನೋವೆಂದೆ, ಅವಳ ಮನೆ ಗೊತ್ತಿಲ್ಲವೆಂದೆ. "ನನಗೆ ಗೊತ್ತು. ವಿಚಾರಿಸಿದೀನಿ" ಎಂದ.

ಸೊಮಾಲಿಯಾದವರ ಅಂಗಡಿಗಳಿರುವ ಬೀದಿ, ಮೂರನೇ ಮಹಡಿ. ನಿನ್ನ ತಾತ ಅಜ್ಜಿ ಮೊದಲು ಬಾಡಿಗೆಗಿದ್ದದ್ದೂ ಅಂಥದೇ ಕಟ್ಟಡದಲ್ಲಿ. ಜೋಸಿಯಾನ್ ಬಾಳೆಕಾಯಿ ಕರಿಯುತ್ತಿದ್ದಳು. ನಮ್ಮನ್ನು ಕಂಡು ಒಲೆ ಆರಿಸಿ, ಕೈಕಟ್ಟಿ ನಿಂತಳು. ನಿನ್ನಪ್ಪ ಟೋಪಿ ತೆಗೆದು, "ಅಮ್ಮ ಊಟ ಬಿಟ್ಟಿದಾಳೆ. ನೀನು ಬಂದು ಮಾತಾಡಿದ್ರೆ ತಿಂತಾಳೆ" ಎಂದ.

"ದೂರು ಕೊಟ್ಟೋರು ನೀವೇ ಅಲ್ವಾ?"

"ನಾನಲ್ಲ."

ಅವಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಕೊನೆಗೆ ಫೋನ್ ತಂದು ಮೇಜಿನ ಮೇಲಿಟ್ಟಳು. "ಇದನ್ನ ಮಾಡ್ಕೊಂಡಿದ್ದು ನನಗೋಸ್ಕರ ಅಲ್ಲ. ಅವರೇ ಕೇಳಿದ್ರು. ನನ್ನ ಮಗನಿಗೆ ನನ್ನ ಮಾತು ಬರಲ್ಲ, ಹಿಡಿದಿಡು, ಮುಂದೆ ಯಾರಾದ್ರೂ ಅರ್ಥ ಹೇಳಲಿ ಅಂದ್ರು" ಎಂದು ಗುಂಡಿ ಒತ್ತಿದಳು.

ಅಜ್ಜಿಯ ಧ್ವನಿ ಬಂತು. "ರೋಸೇರ್, ನನ್ನ ಕಂದ" ಎಂಬಲ್ಲಿಂದ ಶುರು. ಹಳ್ಳಿಯ ಹೆಸರು, ಕಾಡುದಾರಿ, ಕೋಟು, ಚರ್ಚು, ತಾತ ಹೇಳಿದ ಸುಳ್ಳು, ಎಲ್ಲ. ನಿನ್ನಪ್ಪ ತನ್ನ ಹೆಸರೊಂದನ್ನೇ ಗುರುತಿಸಿದ. ನನ್ನ ಕಡೆ ತಿರುಗಿ ಎಂದಿನಂತೆ, "ಏನಂತಾಳೆ?" ಎಂದ.

ಲಿಸೆಟ್, ಮೇಜಿನ ಆ ಕಡೆ ಜೋಸಿಯಾನ್ ಇರದಿದ್ದರೆ ನಾನು ಆವತ್ತೂ 'ಚಳಿಯಂತೆ' ಎನ್ನುತ್ತಿದ್ದೆ. ಅವಳಿದ್ದಳು. ನಾನು ಒಂದೊಂದೇ ವಾಕ್ಯ ಹೇಳಿದೆ. ಮುಗಿದ ಮೇಲೆ ಅವನು ಕೇಳಿದ್ದು ಒಂದೇ: "ನಿನಗೆ ಯಾವಾಗಿಂದ ಗೊತ್ತು?"

"ಲಿಸೆಟ್ ಹುಟ್ಟೋಕೆ ಮುಂಚಿಂದ."

ಅವನು ಜೋಸಿಯಾನ್ ಕಡೆ ತಿರುಗಿ, "ಯಾರಿಗಾದ್ರೂ ಹೇಳಿದೀಯಾ?" ಎಂದ.

"ನನಗೇನು ಹುಚ್ಚೇ? ಕಾಗದದ ಮಾತು ಎತ್ತಿದ್ರೆ ಮೊದಲು ನನ್ನದೇ ಕೇಳ್ತಾರೆ" ಎಂದಳು ಅವಳು. ನಿನ್ನಪ್ಪ ನಕ್ಕುಬಿಟ್ಟ. ಆ ನಗು ನನಗೆ ಹಿಡಿಸಲಿಲ್ಲ, ಅದರಲ್ಲಿ ನನಗೆ ಪಾಲಿರಲಿಲ್ಲ.

ಆವತ್ತೇ ಅವಳನ್ನು ಕರೆದುಕೊಂಡು ವೃದ್ಧಾಶ್ರಮಕ್ಕೆ ಹೋದೆವು. ಕೆಲಸದವಳಾಗಿ ಆ ಮಹಡಿಗೆ ಹೋಗುವಂತಿಲ್ಲ, ಭೇಟಿಗೆ ಬಂದವಳಾಗಿ ಹೋಗಬಹುದು. ಭೇಟಿಗೆ ಬಂದವರ ಪುಸ್ತಕದಲ್ಲಿ 'ಸಂಬಂಧ' ಎಂಬ ಅಂಕಣದ ಮುಂದೆ ನಿನ್ನಪ್ಪನೇ ಪೆನ್ನು ಹಿಡಿದು 'ಪರಿಚಯ' ಎಂದು ಬರೆದ. ಅಜ್ಜಿ ಅರ್ಧ ಬಟ್ಟಲು ಸೂಪು ಕುಡಿದರು. ಈಗ ದಿನ ಬಿಟ್ಟು ದಿನ ಅವಳು ಬರುತ್ತಾಳೆ.

ಮಂಗಳವಾರ ಬೆಳಿಗ್ಗೆ ವೀಕ್ಷಕನ ಬಿಲ್ಲೆ ಸಿಕ್ಕಿಸಿಕೊಂಡು ಹೊರಟ. ಮತಗಟ್ಟೆಯಿದ್ದ ಶಾಲೆಯ ಮುಂದೆ ಪಿಕಪ್ ನಿಲ್ಲಿಸಿ ಒಳಗೇ ಕೂತಿದ್ದನ್ನು ಪಕ್ಕದ ಮನೆಯವರು ನೋಡಿದ್ದಾರೆ. ಹನ್ನೊಂದು ಗಂಟೆಗೆ ವಾಪಸ್ ಬಂದ. ಒಳಗೆ ಹೋಗಿಲ್ಲ, ಮತ ಹಾಕಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಚೀಲ ತುಂಬಿಕೊಂಡು ಕೆರೆಯ ಬಳಿಯ ಗುಡಿಸಲಿಗೆ ಹೋದ. ಇನ್ನೂ ಅಲ್ಲೇ ಇದ್ದಾನೆ.

ಅವನು ಬದಲಾದ ಎಂದುಕೊಂಡು ಹಿಗ್ಗಬೇಡ. ಈಗಲೂ ಕಾನೂನು ಕಾನೂನೇ ಎನ್ನುತ್ತಾನೆ. ಅದಕ್ಕೇ ಬರುವ ಗುರುವಾರ ವಕೀಲರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಳ್ಳುತ್ತಾನಂತೆ. "ಬೇರೆಯವರಿಗೆ ಹೇಳಿದ್ದು ನನಗೂ ಆಗಬೇಕಲ್ಲ" ಎಂದ, ಗುಡಿಸಲಿಗೆ ಹೊರಡುವಾಗ. ನಾನು ಅತ್ತು ಬೇಡಿಕೊಂಡೆ. ಅರವತ್ತೆಂಟು ವರ್ಷದವನನ್ನು ಎಲ್ಲಿಗೆ ಕಳಿಸುತ್ತಾರೆ, ಕಂಡೇ ಇರದ ಹಳ್ಳಿಗೇ? "ಅದು ನನ್ನ ಪಾಡು. ನಾನು ಇಲ್ಲೇ ಹುಟ್ಟಿದೋನು ಅಂತ ಕೂಗಿದಾಗಲೆಲ್ಲ ನೀನು ಒಳಗೊಳಗೇ ನಗ್ತಿದ್ಯಾ, ಫರ್ನಾಂದ್?" ಎಂದು ಕೇಳಿದ. ನಕ್ಕಿರಲಿಲ್ಲ. ಆದರೆ ಇಲ್ಲ ಎಂದರೆ ಅವನು ಇನ್ನು ನಂಬುವುದಿಲ್ಲ.

ಅಪ್ಪನಿಗೆ ಫೋನ್ ಮಾಡು. ಗುರುವಾರಕ್ಕೆ ಮೊದಲೇ ಮಾಡು. ಹಬ್ಬಕ್ಕೆ ಬಾ. ಹಂದಿಮಾಂಸದ ಕಡುಬು ಮಾಡಿಟ್ಟಿರುತ್ತೇನೆ.

ನಿನ್ನನ್ನು ನೆನೆಯುವ
ಅಮ್ಮ
ಫರ್ನಾಂದ್

ಮರೆತ ಮಾತು, ಭಾನುವಾರ: ಕಾಗದ ಅಂಟಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಈಗಷ್ಟೇ ಜನೀನ್ ಅತ್ತೆ ಬಂದು ಹೋದಳು. ಅಣ್ಣನ ಮೇಲೆ ಬಂದ ಅಪವಾದ ತೊಡೆಯಬೇಕೆಂದು, ಮಂಗಳವಾರ ವೃದ್ಧಾಶ್ರಮದ ಆಫೀಸಿಗೆ ಹೋಗಿ ಆ ದೂರಿನ ಕಾಗದ ತೋರಿಸಿ ಎಂದು ಕೇಳುತ್ತಾಳಂತೆ. ನನ್ನ ಕೈಬರಹ ಅವಳಿಗೆ ಚೆನ್ನಾಗಿ ಗೊತ್ತು. ಬರೆದದ್ದು ನಾನು, ಲಿಸೆಟ್. 'ಕುಟುಂಬದ ಪರವಾಗಿ' ಎಂದು ಸಹಿ ಹಾಕಿದೆ, ಎಲ್ಲರೂ ಅವನೇ ಎಂದುಕೊಳ್ಳುತ್ತಾರೆಂದು ಗೊತ್ತಿದ್ದೇ ಹಾಕಿದೆ. ಜೋಸಿಯಾನ್‌ಳನ್ನು ಅಜ್ಜಿಯಿಂದ ದೂರವಿಟ್ಟು ಬಾಯಿ ಮುಚ್ಚಿಸಬೇಕಿತ್ತು, ಬೇರೆ ದಾರಿ ಹೊಳೆಯಲಿಲ್ಲ. ಅವಳು ಊಹಿಸಿದ್ದಾಳೆ, ಆದರೆ ಕೇಳಿಲ್ಲ. ನಿನ್ನಪ್ಪನಿಗೆ ಗೊತ್ತಿಲ್ಲ. ನೀನು ಫೋನ್ ಮಾಡಿದಾಗ ಇದನ್ನು ಹೇಳಬೇಡ, ನಾನೇ ಗುಡಿಸಲಿಗೆ ಹೋಗಿ ಹೇಳುತ್ತೇನೆ. ಗುರುವಾರದೊಳಗೆ ನಾನು ಹೇಳದಿದ್ದರೆ, ನೀನೇ ಹೇಳು.