ಕುದಿಯದೆ ಏರಿದ ಕಾರು

ಏಪ್ರಿಲ್ ೧೨, ಭಾನುವಾರ

ಕುದಿಯಲಿಲ್ಲ! ಅಪ್ಪನ ಹಳೇ ಕಾರಿಗೆ ವ್ಯಾನಿನ ಎಂಜಿನ್ ಕೂರಿಸಿದಾಗಿನಿಂದ ಪ್ರತಿ ಏರಿನಲ್ಲೂ ನೀರು ಕುದಿದು ಮಾನ ಕಳೆಯುತ್ತಿತ್ತು. ಇನ್ನೊಮ್ಮೆ ಕುದಿದರೆ ಗುಜರಿಗೇ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು. ಈ ಎಂಜಿನ್ ರೇಡಿಯೇಟರ್‌ಗಿಂತ ಎತ್ತರ. ಸಮನೆಲದಲ್ಲಿ ನೀರು ತುಂಬಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅದು ನನಗೆ ಹೊಳೆದದ್ದೇ ನಿನ್ನೆ. ಇವತ್ತು ರೇಡಿಯೇಟರ್ ಬಾಯಿ ಮೇಲಾಗುವಂತೆ ಕಾರನ್ನು ದಿಬ್ಬಕ್ಕೆ ಮೂತಿಯೆತ್ತಿ ನಿಲ್ಲಿಸಿ ತುಂಬಿದೆ.

"ಎತ್ತಿಗೆ ಔಷಧಿ ಕುಡಿಸೋ ಹಾಗಿದೆಯಲ್ಲೋ!" ಎಂದು ಅಕ್ಕ ನಕ್ಕಳು.

ಗುಳುಗುಳು ಎಂದು ಗಾಳಿ ಹೊರಬಂತು. "ನೋಡೇ, ತೇಗಿತು. ಕಾರು ಹತ್ತು!" ಎಂದೆ.

ಗುಡ್ಡದ ತುದಿಯವರೆಗೂ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಕದಲಲಿಲ್ಲ. ಅಕ್ಕ ಅದನ್ನೇ ನೋಡುತ್ತಾ ಕೂತಿದ್ದಳು.

"ಬೀಗದಕೈ ಕೊಡು. ಇಳಿಯೋವಾಗ ನಾನು ಓಡಿಸ್ತೀನಿ."

ತಿರುವುತಿರುವಿಗೂ ಹಾರ್ನ್ ಹೊಡೆಯುತ್ತಾ ಇಳಿಸಿದಳು, ಥೇಟ್ ಅಪ್ಪನ ಹಾಗೆ. ಕಣ್ಣು ಎಳೆಯುತ್ತಿದೆ, ಆದರೆ ಆ ಹಾರ್ನ್ ಸದ್ದು ಇನ್ನೂ ಕಿವಿಯಲ್ಲೇ ಇದೆ.