ಬೂಶಾಳ ತೊಟ್ಟಿಗೆ ತಾಮ್ರ ಸುರಿದವರು ಯಾರು?

ಈರಿ, ಪೆನ್ಸಿಲ್ವೇನಿಯಾ
ಫೆಬ್ರವರಿ 6, 2016

ಪ್ರೀತಿಯ ಕಾನ್ರಾಡ್,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ. ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಹೋದ ನವೆಂಬರ್ 29ರ ಭಾನುವಾರ, ನಾನು ಚರ್ಚಿಗೆ ಹೋಗಿ ಬರುವಷ್ಟರಲ್ಲಿ, ನೀನು ಅಪ್ಪನ ಶಾರ್ಕಿನ ತೊಟ್ಟಿಗೆ ತಾಮ್ರದ ಔಷಧಿ ಸುರಿದೆ. ಜನವರಿಯಲ್ಲಿ ನಮ್ಮ ಉಪ್ಪುನೀರಿನ ಮೀನು ಸಾಕುವವರ ಸಂಘದ ಪತ್ರಿಕೆಗೆ ಬರೆದು ಆ ಶಾರ್ಕಿನ ಸಾವನ್ನು ನನ್ನ ತಲೆಗೆ ಕಟ್ಟಿದೆ. ಇಷ್ಟು ಮೊದಲು ಹೇಳಬೇಕಿತ್ತು. ಇನ್ನು ನಿನ್ನ ಮೊಣಕಾಲು ಹೇಗಿದೆ? ಟೂಸಾನಿನ ಬಿಸಿಲಿಗೆ ನೋವು ತಗ್ಗಿರಬೇಕು. ನನ್ನ ರಕ್ತದೊತ್ತಡ ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಅಪ್ಪ ಆ ಶಾರ್ಕನ್ನು ತಂದಾಗ ನನ್ನ ಮುಂಗೈಯಷ್ಟೂ ಉದ್ದವಿರಲಿಲ್ಲ. ಹಗಲೆಲ್ಲ ಮೂಲೆಯ ಕಲ್ಲಿನಡಿ ಮಲಗಿದ್ದು, ಸ್ಕ್ವಿಡ್ಡಿನ ವಾಸನೆ ಬಂದರೆ ಮಾತ್ರ ಏಳುತ್ತಾಳೆಂದು ಅವಳಿಗೆ ಬೂಶಾ, ನಮ್ಮ ಪೋಲಿಷ್ ಮಾತಿನ ಅಜ್ಜಿ, ಎಂದು ಹೆಸರಿಟ್ಟರು. ಹದಿನೇಳು ವರ್ಷ ನೆಲಮಾಳಿಗೆಯಲ್ಲಿ ಇಕ್ಕಳದಿಂದ ತುತ್ತು ಕೊಟ್ಟರು. ಅವರು ತೀರಿಕೊಂಡ ಮೇಲೆ ಅದೇ ಇಕ್ಕಳ ನನ್ನ ಕೈಗೆ ಬಂತು. ನೀನು ಬಂದದ್ದು ಥ್ಯಾಂಕ್ಸ್‌ಗಿವಿಂಗ್‌ಗೆ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಳದಿ ಮೀನು ಹಿಡಿದುಕೊಂಡು. “ಅಕ್ಕಾ, ಅಪ್ಪನ ತೊಟ್ಟಿ ಸ್ಮಶಾನದ ಥರ ಇದೆಯಲ್ಲೇ, ಸ್ವಲ್ಪ ಬಣ್ಣ ಬರಲಿ ಬಿಡು” ಎಂದೆ. ನಾನು ಒಲೆಯ ಮುಂದೆ ಟರ್ಕಿ ನೋಡುತ್ತಿದ್ದೆ. ನೀನು ಕೆಳಗಿಳಿದು ಮೀನು ಬಿಟ್ಟೂ ಆಗಿತ್ತು. ಅಪ್ಪನ ಮಾತು ನೆನಪಿತ್ತೇ ನಿನಗೆ? “ಹೊಸ ಮೀನಿಗೆ ಆರು ವಾರ ಬೇರೆ ಮನೆ. ನಮ್ಮಪ್ಪ ಹಡಗಿಂದ ಅಮೆರಿಕಕ್ಕೆ ಇಳಿದಾಗ ರೋಗದ ಭಯಕ್ಕೆ ಅವನನ್ನೇ ಬೇರೆ ಕೂಡಿಹಾಕಿದ್ರು, ಈ ಮೀನೇನು ದೊಡ್ಡ ದೊರೆಯೇನೋ?” ಎನ್ನುತ್ತಿದ್ದರು. ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನೀನು.

ಶನಿವಾರ ಆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದವು. ಭಾನುವಾರ ನೀನು ಔಷಧಿ ಸುರಿದು, ಮಧ್ಯಾಹ್ನದ ವಿಮಾನ ಹತ್ತಿದೆ. ಸೋಮವಾರ ಬೂಶಾ ತುತ್ತು ಮುಟ್ಟಲಿಲ್ಲ. ಬುಧವಾರ ಬೆಳಿಗ್ಗೆ ಹೊಟ್ಟೆ ಮೇಲಾಗಿ ಮರಳಿನ ಮೇಲೆ ಬಿದ್ದಿದ್ದಳು. ಹಳದಿ ಮೀನಿಗೆ ಮದ್ದಾಗುವ ತಾಮ್ರ ಶಾರ್ಕಿಗೆ ವಿಷವೆಂದು ಸಂಘಕ್ಕೆ ನಿನ್ನೆ ಸೇರಿದವನಿಗೂ ಗೊತ್ತು. ಖಾಲಿ ಬಾಟಲಿ ಕಸದ ಡಬ್ಬಿಯಲ್ಲಿ ಸಿಕ್ಕಿ ನಿನಗೆ ಫೋನು ಮಾಡಿದರೆ ಏನಂದೆ? “ಹೌದು ಕಣೇ, ಹಾಕ್ದೆ. ಮೀನಿನ ಔಷಧಿ ಮೀನಿಗೆ ಹಾಕದೆ ನಿನಗೆ ಹಾಕ್ಲಾ?” ಗೆಳತಿ ಓಡೆಲ್ ನೀರು ಪರೀಕ್ಷೆ ಮಾಡಿದಾಗ ತಾಮ್ರ ತುಂಬಿದೆಯೆಂದು ಕೊಳವೆ ಕಡುನೀಲಿಗೆ ತಿರುಗಿತು.

ಇದಾಗಿ ಒಂದು ತಿಂಗಳಿಗೆ ನಿನ್ನ ಲೇಖನ. “ಅಪ್ಪ ಹದಿನೇಳು ವರ್ಷ ಕಾಪಾಡಿದ ಜೀವವನ್ನು ಅಕ್ಕ ಹದಿನೇಳು ತಿಂಗಳಲ್ಲಿ ಕಳೆದಳು, ಆವಿಯಾದ ನೀರಿನ ಜಾಗಕ್ಕೆ ಸಿಹಿನೀರು ಹಾಕುವ ಬದಲು ಉಪ್ಪುನೀರು ಹಾಕುತ್ತ ಬಂದಳು.” ಕಾನ್ರಾಡ್, ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದು ಈ ಕೆಲಸದ ಅ ಆ ಇ ಈ. ಬೆಳಿಗ್ಗೆ ಸಂಜೆ ಉಪ್ಪಿನ ಪ್ರಮಾಣ ನೋಡಿ ಬರೆದಿಟ್ಟ ಪುಸ್ತಕ ನನ್ನ ಮೇಜಿನ ಮೇಲಿದೆ. ಕೊಲೆಗಾತಿ ಎಂದಿದ್ದರೂ ಸಹಿಸುತ್ತಿದ್ದೆನೋ ಏನೋ, ಅಕ್ಷರ ಗೊತ್ತಿಲ್ಲದವಳನ್ನಾಗಿ ಮಾಡಿದೆ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. 1971ರ ಈಸ್ಟರಿನಲ್ಲಿ ಹಬ್ಬದೂಟಕ್ಕೆಂದು ಬೆಣ್ಣೆಯಲ್ಲಿ ಮಾಡಿ ಮೇಜಿನ ಮೇಲಿಟ್ಟ ಕುರಿಮರಿಯ ತಲೆ ತಿಂದವನು ನೀನು. ಪಾದ್ರಿಗಳು ಊಟಕ್ಕೆ ಬಂದ ಹೊತ್ತಿಗೆ ಅದರ ಶಿಕ್ಷೆಗೆ ಮೂಲೆಯಲ್ಲಿ ಮಂಡಿಯೂರಿದ್ದವಳು ನಾನು. ಆಗ ನೀನು ಐದು ವರ್ಷದವನೆಂದು ಸುಮ್ಮನಿದ್ದೆ. ಈಗ ನಿನಗೆ ಐವತ್ತು.

ಸಂಘದ ಅಧ್ಯಕ್ಷ ವರ್ನನ್ ಬಳಿ ಬಾಟಲಿಯನ್ನೂ ಪುಸ್ತಕವನ್ನೂ ಒಯ್ದೆ. “ಬರ್ನಡೀನ್, ಬಾಟಲಿ ಮೇಲೆ ಸುರಿದವರ ಹೆಸರು ಬರೆದಿಲ್ಲವಲ್ಲ. ಅಕ್ಕ ತಮ್ಮನ ಜಗಳಕ್ಕೆ ಸಂಘ ಯಾಕಮ್ಮಾ? ಇನ್ನೊಂದು ಶಾರ್ಕು ನಿಮ್ಮ ಕೈಗೆ ಕೊಟ್ರೆ ಜನ ನನ್ನ ಬಾಯಿಗೆ ಉಪ್ಪು ತುಂಬ್ತಾರೆ” ಎಂದ. ಮೂವತ್ತು ವರ್ಷ ಅಪ್ಪನ ಪಕ್ಕದಲ್ಲಿ ಕೂತು ಕಾಫಿ ಕುಡಿದವನು. ಹೋದ ಸಭೆಯಲ್ಲಿ ನನ್ನ ಅಕ್ಕಪಕ್ಕದ ಎರಡು ಕುರ್ಚಿಯೂ ಖಾಲಿ.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಅವಳ ಮೇಲೆ ನನಗೆ ಮುನಿಸಿಲ್ಲ. ನಿನಗೆ ದೇವರು ಒಳ್ಳೆಯದು ಮಾಡಲಿ, ಮಾಡುವ ಮೊದಲು ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ನಿನ್ನ ಅಕ್ಕ,
ಬರ್ನಡೀನ್

ಮರೆತ ಮಾತು: ಅಕ್ಟೋಬರಿನಲ್ಲಿ ಬೂಶಾ ಒಂದು ಮೊಟ್ಟೆ ಇಟ್ಟಿದ್ದಳು. ಗಂಡಿಲ್ಲದ ಮೊಟ್ಟೆ ಎಂದು ಅಪ್ಪ ಯಾವಾಗಲೂ ಎಸೆಯುತ್ತಿದ್ದರು. ನಾನು ಸುಮ್ಮನೆ ಟಾರ್ಚಿಗೆ ಹಿಡಿದೆ. ಒಳಗೆ ದಾರದಂಥದ್ದೊಂದು ಅಲುಗಿತು. ಈ ಜಾತಿಯಲ್ಲಿ ಅಪರೂಪಕ್ಕೆ ಗಂಡಿಲ್ಲದೆಯೂ ಮರಿಯಾಗುತ್ತದಂತೆ. ಆಗಲೇ ಅದನ್ನು ಓಡೆಲ್ ಮನೆಯ ಪುಟ್ಟ ತೊಟ್ಟಿಗೆ ಸಾಗಿಸಿದ್ದರಿಂದ ನಿನ್ನ ತಾಮ್ರದಿಂದ ಉಳಿಯಿತು. ಈಗ ಪಟ್ಟೆಗಳು ಕಾಣುತ್ತವೆ, ಬಾಲ ಬೀಸುತ್ತದೆ. ಮಾರ್ಚಿನ ಎರಡನೇ ವಾರ ಹೊರಬರುತ್ತದೆ. ಓಡೆಲಳ ತೊಟ್ಟಿ ಅದಕ್ಕೆ ಒಂದು ತಿಂಗಳಿಗೂ ಸಾಲದು. ಅಪ್ಪನ ತೊಟ್ಟಿಯ ಕಲ್ಲು, ಮರಳು, ಗಾಜು ಬೆಸೆದ ಅಂಟು ಎಲ್ಲದರಲ್ಲೂ ತಾಮ್ರ ಹೊಕ್ಕಿದೆ; ಅಲ್ಲಿ ಇನ್ನು ಯಾವ ಶಾರ್ಕೂ ಬದುಕದು. ಇರುವುದು ಸಂಘದ ಇನ್ನೂರೈವತ್ತು ಗ್ಯಾಲನ್ನಿನ ತೊಟ್ಟಿಯೊಂದೇ, ನಿನ್ನ ಲೇಖನ ಓದಿದ ಮೇಲೆ ಅದನ್ನು ನನಗೆ ಎರವಲು ಕೊಡರು. ಮರಿಯನ್ನು ಗುರುತಿಲ್ಲದ ಯಾರಿಗೋ ಕೊಡುವ ಮಾತು ನಡೆದಿದೆ. ಮಾರ್ಚ್ 5ರ ಶನಿವಾರ ಸಂಘದ ಸಭೆಯಿದೆ. ಬಾ, ಇಲ್ಲವೇ ಬರೆದು ಕಳಿಸು. ವರ್ನನ್ ಎದ್ದು ನಿಂತು ಓದಲಿ. ನನಗೆ ಫೋನಿನಲ್ಲಿ ಹೇಳಿದ್ದನ್ನೇ ಎಲ್ಲರೆದುರು ಹೇಳು: ಆ ಭಾನುವಾರ ಬೂಶಾಳ ತೊಟ್ಟಿಗೆ ತಾಮ್ರ ಸುರಿದವರು ಯಾರು?